ಹಳೆಯ ಪ್ಯಾರಲಲ್ ಪೋರ್ಟ್ ಪ್ರಿಂಟರ್, ಹೊಸ ಕಂಪ್ಯೂಟರ್: ಕೇಬಲ್ ತಂದರೂ ರಸೀದಿ ಬಾರದಿರುವುದೇಕೆ?

ಪ್ರಶ್ನೆ: ಬೆಂಗಳೂರಿನ ಕಲಾಸಿಪಾಳ್ಯದಲ್ಲಿ ನಮ್ಮದು ಲಾರಿ ಬುಕಿಂಗ್ ಕಚೇರಿ. ತಂದೆಯವರ ಕಾಲದಿಂದಲೂ ಸರಕಿನ ರಸೀದಿಯನ್ನು ಒಂಬತ್ತು ಪಿನ್ನಿನ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನಲ್ಲಿ ಕಾರ್ಬನ್ ಸಮೇತ ಮೂರು ಪ್ರತಿ ತೆಗೆಯುತ್ತಿದ್ದೇವೆ. ಅದಕ್ಕೆ ಹಳೆಯ ಕಾಲದ ಪ್ರಿಂಟರ್ ಜೋಡಣೆಯಾದ ಪ್ಯಾರಲಲ್ ಪೋರ್ಟ್ ಮಾತ್ರ ಇದೆ. ವಿಂಡೋಸ್ ಎಕ್ಸ್‌ಪಿ ಇದ್ದ ಕಂಪ್ಯೂಟರಿನ ಮದರ್‌ಬೋರ್ಡ್ ಕೆಟ್ಟಿದ್ದರಿಂದ ವಿಂಡೋಸ್ 11 ಇರುವ ಹೊಸದನ್ನು ಕೊಂಡೆವು. ಹೊಸದಕ್ಕೆ ಆ ಪೋರ್ಟ್ ಇಲ್ಲವಾದ್ದರಿಂದ ಎಸ್.ಪಿ. ರಸ್ತೆಯಿಂದ ಯುಎಸ್‌ಬಿ-ಪ್ಯಾರಲಲ್ ಕೇಬಲ್ ತಂದೆವು. ಪರೀಕ್ಷಾ ಪುಟ ಕೊಟ್ಟಾಗ ಮೊದಲು ಅರ್ಥವಿಲ್ಲದ ಚಿಹ್ನೆಗಳು ಬಂದವು. ಡ್ರೈವರ್ ಬದಲಿಸಿದ ಮೇಲೆ ಅಕ್ಷರ ಸರಿಯಾಯಿತು, ಆದರೆ ಮುದ್ರಣ ಬಹಳ ನಿಧಾನ. ಹಾಳೆಯಿಂದ ಹಾಳೆಗೆ ಸುಮಾರು ಒಂದು ಅಂಗುಲ ಮೇಲಕ್ಕೆ ಜಾರುತ್ತದೆ. ವಿಂಡೋಸಿಗಿಂತ ಹಿಂದಿನ ಡಾಸ್ ವ್ಯವಸ್ಥೆಗೆಂದು ಫಾಕ್ಸ್‌ಪ್ರೊ ಎಂಬ ದತ್ತಾಂಶ ಸಾಧನದಲ್ಲಿ ಬರೆಸಿದ ನಮ್ಮ ಬುಕಿಂಗ್ ತಂತ್ರಾಂಶ ಹೊಸ ಕಂಪ್ಯೂಟರಿನಲ್ಲಿ ತೆರೆಯಲೇ ಇಲ್ಲ. ಪರಿಚಯದ ಹುಡುಗನೊಬ್ಬ ಡಾಸ್ ಕಂಪ್ಯೂಟರನ್ನು ಅನುಕರಿಸುವ ಡಾಸ್‌ಬಾಕ್ಸ್ ಹಾಕಿಕೊಟ್ಟ ಮೇಲೆ ತೆರೆಯುತ್ತಿದೆ, ಆದರೆ ಪ್ರಿಂಟ್ ಬರುವುದಿಲ್ಲ. ಬಯಾಸ್‌ನಲ್ಲಿ, ಅಂದರೆ ಕಂಪ್ಯೂಟರ್ ಶುರುವಾಗುವಾಗ ಮೊದಲು ಓಡುವ ಮೂಲ ತಂತ್ರಾಂಶದಲ್ಲಿ, ಒಂದು ಸೆಟ್ಟಿಂಗ್ ಬದಲಿಸಿದರೆ ಆಗುತ್ತದೆ ಎಂದು ಒಬ್ಬರು, ಮೈಕ್ರೋಸಾಫ್ಟ್ ಹಳೆಯ ಪ್ರಿಂಟರುಗಳನ್ನೆಲ್ಲ ನಿಷೇಧಿಸಿದೆ, ಗುಜರಿಗೆ ಹಾಕಿ ಎಂದು ಇನ್ನೊಬ್ಬರು ಹೇಳುತ್ತಾರೆ. ಮನೆಯಲ್ಲಿ ಎಚ್‌ಪಿ ಲೇಸರ್‌ಜೆಟ್ 1100 ಕೂಡ ಮೂಲೆ ಸೇರಿದೆ. ಹೊಸ ಪ್ರಿಂಟರ್ ಕೊಳ್ಳುವುದೇ ಸರಿಯೇ?

ಉತ್ತರ: ಕೊಳ್ಳುವ ಮಾತನ್ನು ಸ್ವಲ್ಪ ತಡೆಯಿರಿ. ಈ ಸ್ಥಿತಿಯಲ್ಲಿ ಹೊಸ ಪ್ರಿಂಟರ್ ತಂದರೂ ನಿಮ್ಮ ಮುಖ್ಯ ಸಂಕಟ, ಅಂದರೆ ಬುಕಿಂಗ್ ತಂತ್ರಾಂಶದಿಂದ ರಸೀದಿ ಬಾರದಿರುವುದು, ಹಾಗೆಯೇ ಉಳಿಯುತ್ತದೆ.

ತಂತ್ರಾಂಶದಿಂದ ಕಾಗದದವರೆಗಿನ ದಾರಿಯಲ್ಲಿ ಮೂರು ಕೊಂಡಿಗಳಿವೆ. ವಿದ್ಯುತ್ ಸಂಕೇತಗಳನ್ನು ಒಯ್ಯುವ ಪೋರ್ಟ್ ಮತ್ತು ಕೇಬಲ್ ಒಂದು. ಪ್ರಿಂಟರಿಗೆ ಅರ್ಥವಾಗುವ ಭಾಷೆಯಲ್ಲಿ ಆದೇಶಗಳನ್ನು ಸಿದ್ಧಪಡಿಸುವ ಡ್ರೈವರ್ ಇನ್ನೊಂದು. ಪ್ರಿಂಟ್ ಕೊಡುವ ತಂತ್ರಾಂಶ ಮತ್ತು ಅದು ಪ್ರಿಂಟರನ್ನು ಹುಡುಕುವ ಕ್ರಮ ಮೂರನೆಯದು. ನಮ್ಮ ದುರಸ್ತಿ ಮೇಜಿಗೆ ಬರುವ ಇಂಥ ಪ್ರಕರಣಗಳಲ್ಲಿ ಹಣ ಪೋಲಾಗುವುದು ಹೆಚ್ಚಾಗಿ ಒಂದು ಕೊಂಡಿಯ ರೋಗಕ್ಕೆ ಇನ್ನೊಂದರ ಮದ್ದು ಹಾಕುವುದರಿಂದ: ಡ್ರೈವರ್ ತಪ್ಪಿದ್ದಾಗ ಕೇಬಲ್ ಬದಲಿಸುತ್ತಾರೆ, ತಂತ್ರಾಂಶ ಹಳತಾಗಿದ್ದಾಗ ಪ್ರಿಂಟರನ್ನೇ ಬದಲಿಸುತ್ತಾರೆ. ಡ್ರೈವರ್ ಬದಲಿಸಿದ ಮೇಲೆ ವಿಂಡೋಸಿನಿಂದ ಅಕ್ಷರಗಳು ಸರಿಯಾಗಿ ಬರುತ್ತಿವೆ ಎಂದು ಬರೆದಿದ್ದೀರಿ. ಅಲ್ಲಿಗೆ ಪ್ರಿಂಟರಿನ ಹೆಡ್ಡು, ಅದರ ಪ್ಯಾರಲಲ್ ಸರ್ಕ್ಯೂಟ್, ನೀವು ತಂದ ಕೇಬಲ್ ಮೂರೂ ಆರೋಗ್ಯವಾಗಿವೆ ಎಂದಾಯಿತು. ಉಳಿದಿರುವುದು ಎರಡನೆಯ ಕೊಂಡಿಯ ಸಣ್ಣ ಹೊಂದಾಣಿಕೆಗಳು ಮತ್ತು ಮೂರನೆಯ ಕೊಂಡಿಯ ದೊಡ್ಡ ಕೆಲಸ.

ಮೊದಲು ನೀವು ಕೇಳಿದ ಎರಡು ಮಾತುಗಳ ವಿಚಾರ. ಬಯಾಸ್‌ನಲ್ಲಿ ಪ್ಯಾರಲಲ್ ಪೋರ್ಟಿಗೆ ಎಸ್‌ಪಿಪಿ, ಇಪಿಪಿ, ಇಸಿಪಿ ಎಂಬ ಆಯ್ಕೆಗಳಿರುವುದು ನಿಜ. ಆದರೆ ಅವು ಇರುವುದು ಮದರ್‌ಬೋರ್ಡಿನಲ್ಲಿ ಪೋರ್ಟಿನ ಸರ್ಕ್ಯೂಟ್ ಇದ್ದರೆ ಮಾತ್ರ. ಇಲ್ಲದ ಪೋರ್ಟನ್ನು ಯಾವ ಸೆಟ್ಟಿಂಗೂ ಹುಟ್ಟಿಸಲಾರದು, ಮತ್ತು ಯುಎಸ್‌ಬಿ ಕೇಬಲ್ಲಿಗೂ ಆ ಆಯ್ಕೆಗಳಿಗೂ ಸಂಬಂಧವಿಲ್ಲ. ಆದರೂ ಆ ಸಲಹೆಯನ್ನು ಪೂರ್ತಿ ತಳ್ಳಿಹಾಕುವ ಮುನ್ನ ಮದರ್‌ಬೋರ್ಡಿನ ಕೈಪಿಡಿಯನ್ನೊಮ್ಮೆ ನೋಡಿ. ಕೆಲವು ಡೆಸ್ಕ್‌ಟಾಪ್ ಬೋರ್ಡುಗಳಲ್ಲಿ ಹಿಂಬದಿಗೆ ಪೋರ್ಟ್ ಕಾಣದಿದ್ದರೂ ಒಳಗೆ ಎಲ್‌ಪಿಟಿ (ಕಂಪ್ಯೂಟರ್ ಪ್ಯಾರಲಲ್ ಪೋರ್ಟನ್ನು ಕರೆಯುವ ಹೆಸರು) ಎಂದು ಬರೆದ, ಹದಿಮೂರರ ಎರಡು ಸಾಲುಗಳಲ್ಲಿ ಒಂದು ಪಿನ್ ಬಿಟ್ಟಿರುವ ಹೆಡರ್ ಇರುತ್ತದೆ. ಅದಕ್ಕೆ ಪಟ್ಟಿ ಕೇಬಲ್ಲಿನ ಒಂದು ಬ್ರಾಕೆಟ್ ಸಿಕ್ಕಿಸಿದರೆ ಅಪ್ಪಟ ಪ್ಯಾರಲಲ್ ಪೋರ್ಟ್ ಸಿಕ್ಕಂತೆ. ಬಯಾಸ್ ಸೆಟ್ಟಿಂಗಿಗೆ ಆಗ ಅರ್ಥ ಬರುತ್ತದೆ.

ನಿಷೇಧದ ಮಾತು ಅರ್ಧ ಕೇಳಿ ಪೂರ್ತಿ ಹೇಳಿದ್ದು. ಪ್ರಿಂಟರ್ ತಯಾರಕರ ಡ್ರೈವರುಗಳನ್ನು ವಿಂಡೋಸ್ ಅಪ್‌ಡೇಟ್ ಮೂಲಕ ಹಂಚುವುದನ್ನು ಹಂತ ಹಂತವಾಗಿ ನಿಲ್ಲಿಸುತ್ತೇವೆಂದು ಮೈಕ್ರೋಸಾಫ್ಟ್ 2023ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿತು. ಈಗಾಗಲೇ ಹಾಕಿಕೊಂಡಿರುವ ಡ್ರೈವರನ್ನು ಕಿತ್ತುಹಾಕುತ್ತೇವೆಂದು ಅದರ ಅರ್ಥವಲ್ಲ. ವಿಂಡೋಸ್ 11ರಲ್ಲಿ ಪ್ರಿಂಟರ್ ಸೇರಿಸಲು ಹೋದರೆ ಪೋರ್ಟುಗಳ ಪಟ್ಟಿಯಲ್ಲಿ ಎಲ್‌ಪಿಟಿ1 ಇಂದಿಗೂ ಕಾಣುತ್ತದೆ. ಬರಿಯ ಅಕ್ಷರಗಳನ್ನು ಕಳಿಸುವ ಜೆನೆರಿಕ್ ಟೆಕ್ಸ್ಟ್ ಓನ್ಲಿ ಡ್ರೈವರೂ ಅದರಲ್ಲೇ ಇದೆ. ನೀವು ಎಚ್ಚರ ವಹಿಸಬೇಕಾದ ಸಂಗತಿ ಒಂದೇ: ವಿಂಡೋಸ್ 11ರ 24ಎಚ್2 ಆವೃತ್ತಿಯಿಂದ ವಿಂಡೋಸ್ ಪ್ರೊಟೆಕ್ಟೆಡ್ ಪ್ರಿಂಟ್ ಎಂಬ ವ್ಯವಸ್ಥೆ ಬಂದಿದ್ದು, ಅದನ್ನು ಚಾಲೂ ಮಾಡಿದರೆ ತಯಾರಕರ ಡ್ರೈವರುಗಳು ಕೆಲಸ ಮಾಡುವುದಿಲ್ಲ. ಪ್ರಿಂಟರ್ ಸೆಟ್ಟಿಂಗಿನಲ್ಲಿ ಅದು ಆಫ್ ಆಗಿಯೇ ಇರಲಿ. ಈಗ ನಡೆಯುತ್ತಿರುವ ಡ್ರೈವರಿನ ಸೆಟಪ್ ಫೈಲನ್ನು ಒಂದು ಪೆನ್ ಡ್ರೈವಿನಲ್ಲಿ ಕಾಪಿಟ್ಟುಕೊಳ್ಳುವುದೂ ಒಳ್ಳೆಯದು. ಮುಂದೆ ಹುಡುಕುವುದು ಇಂದಿಗಿಂತ ಕಷ್ಟವಾಗುತ್ತದೆ.

ಇನ್ನು ಕೇಬಲ್ಲಿನ ವಿಷಯ. ಪ್ರಿಂಟರಿನ ಬೆನ್ನಿಗಿರುವ ಮೂವತ್ತಾರು ಪಿನ್ನಿನ ಜೋಡಣೆ ಸೆಂಟ್ರಾನಿಕ್ಸ್ ಕಂಪನಿಯು 1970ರಲ್ಲಿ ತಂದ ಪ್ರಿಂಟರಿನಿಂದ ಬಂದದ್ದು; ಕಂಪ್ಯೂಟರಿನ ಕಡೆಯ ಇಪ್ಪತ್ತೈದು ಪಿನ್ನಿನದು 1981ರ ಐಬಿಎಂ ಪಿಸಿಯಿಂದ ರೂಢಿಗೆ ಬಂದದ್ದು. ಎಂಟು ತಂತಿಗಳ ಮೇಲೆ ಒಂದು ಬೈಟಿನ ಎಂಟು ಬಿಟ್‌ಗಳನ್ನು ಒಟ್ಟಿಗೆ ಇಟ್ಟು, ಸ್ಟ್ರೋಬ್ ಎಂಬ ತಂತಿಯಲ್ಲಿ ಒಂದು ಕ್ಷಣಿಕ ಸಂಕೇತ ಕೊಟ್ಟರೆ ಪ್ರಿಂಟರ್ ಅದನ್ನು ಓದಿಕೊಳ್ಳುತ್ತದೆ; ಕೆಲಸದಲ್ಲಿದ್ದರೆ ಬ್ಯುಸಿ ತಂತಿಯನ್ನು ಎತ್ತಿ ಹಿಡಿಯುತ್ತದೆ, ಕಾಗದ ಮುಗಿದರೆ ಅದಕ್ಕೊಂದು ಪ್ರತ್ಯೇಕ ತಂತಿಯಿದೆ. 1994ರ ಐಇಇಇ 1284 ಮಾನದಂಡ ಇದಕ್ಕೆ ವೇಗವನ್ನೂ ಎರಡೂ ದಿಕ್ಕಿನ ಮಾತುಕತೆಯನ್ನೂ ಸೇರಿಸಿತು. ಮುಖ್ಯವಾದದ್ದೆಂದರೆ ಈ ಪೋರ್ಟ್ ಕಂಪ್ಯೂಟರಿನಲ್ಲಿ ಒಂದು ನಿಶ್ಚಿತ ವಿಳಾಸದಲ್ಲಿ, ಸಾಮಾನ್ಯವಾಗಿ ಹೆಕ್ಸಾಡೆಸಿಮಲ್ 378ರಲ್ಲಿ, ಕುಳಿತಿರುತ್ತಿತ್ತು. ಡಾಸ್ ಕಾಲದ ತಂತ್ರಾಂಶಗಳು ಎಲ್‌ಪಿಟಿ1 ಎಂದು ಬರೆದರೆ ಬಯಾಸ್ ಅದನ್ನು ನೇರವಾಗಿ ಆ ವಿಳಾಸಕ್ಕೆ ತಲುಪಿಸುತ್ತಿತ್ತು. ಕೆಲವು ತಂತ್ರಾಂಶಗಳು ಬಯಾಸನ್ನೂ ಕೇಳದೆ ತಾವೇ ಹೋಗಿ ಬರೆಯುತ್ತಿದ್ದವು.

ನೀವು ತಂದ ಕೇಬಲ್ಲಿನ ಒಳಗೆ ಒಂದು ಚಿಪ್ ಇದೆ. ಅದು ವಿಂಡೋಸಿಗೆ ತನ್ನನ್ನು ಒಂದು ಯುಎಸ್‌ಬಿ ಪ್ರಿಂಟರ್ ಎಂದು ಪರಿಚಯಿಸಿಕೊಳ್ಳುತ್ತದೆ, ಡಿವೈಸ್ ಮ್ಯಾನೇಜರಿನಲ್ಲಿ ಯುಎಸ್‌ಬಿ ಪ್ರಿಂಟಿಂಗ್ ಸಪೋರ್ಟ್ ಎಂದು ಕಾಣಿಸುತ್ತದೆ, ಅದರ ಪೋರ್ಟಿನ ಹೆಸರು ಯುಎಸ್‌ಬಿ001 ಆಗುತ್ತದೆ. ಅದು 378ರಲ್ಲಿ ಇಲ್ಲ, ಎಲ್‌ಪಿಟಿ1 ಎಂಬ ಹೆಸರೂ ಅದಕ್ಕಿಲ್ಲ. ನಿಮ್ಮ ಬುಕಿಂಗ್ ತಂತ್ರಾಂಶ ಹಳೆಯ ಮನೆಯ ವಿಳಾಸಕ್ಕೆ ಕಾಗದ ಹಾಕುತ್ತಲೇ ಇದೆ, ಪ್ರಿಂಟರ್ ಬೇರೆ ಮನೆಗೆ ಹೋಗಿಯಾಗಿದೆ. ಇದೇ ಕಾರಣಕ್ಕೆ ಪ್ಯಾರಲಲ್ ಪೋರ್ಟಿಗೆ ಸಿಕ್ಕಿಸುತ್ತಿದ್ದ ತಂತ್ರಾಂಶದ ಹಾರ್ಡ್‌ವೇರ್ ಕೀ, ಹಳೆಯ ಸ್ಕ್ಯಾನರ್, ಪೀಣ್ಯದ ಕೆಲವು ವರ್ಕ್‌ಶಾಪುಗಳಲ್ಲಿ ಇನ್ನೂ ಪೋರ್ಟಿನ ಮೂಲಕ ಓಡುವ ಸಿಎನ್‌ಸಿ ಯಂತ್ರ, ಇವು ಯಾವುವೂ ಈ ಕೇಬಲ್ಲಿನಿಂದ ನಡೆಯುವುದಿಲ್ಲ.

ಕೇಬಲ್ಲಿನದೇ ಇನ್ನೊಂದು ಸಣ್ಣ ಕಾಟವನ್ನು ಮುಂಚೆಯೇ ಹೇಳಿಬಿಡುತ್ತೇನೆ. ಇಂಥ ಅಗ್ಗದ ಕೇಬಲ್ಲುಗಳಿಗೆ ತಮ್ಮದೇ ಆದ ಸೀರಿಯಲ್ ಸಂಖ್ಯೆ ಸಾಮಾನ್ಯವಾಗಿ ಇರುವುದಿಲ್ಲವಾದ್ದರಿಂದ ವಿಂಡೋಸ್ ಅವುಗಳನ್ನು ಸಿಕ್ಕಿಸಿದ ಸಾಕೆಟ್ಟಿನಿಂದ ಗುರುತಿಸುತ್ತದೆ. ಕಚೇರಿ ಗುಡಿಸುವಾಗ ಯಾರಾದರೂ ಕಿತ್ತು ಪಕ್ಕದ ಸಾಕೆಟ್ಟಿಗೆ ಹಾಕಿದರೆ ಯುಎಸ್‌ಬಿ002 ಎಂದು ಹೊಸ ಪೋರ್ಟ್ ಹುಟ್ಟಿ, ನಿನ್ನೆಯವರೆಗೆ ನಡೆಯುತ್ತಿದ್ದ ಪ್ರಿಂಟರ್ ಆಫ್‌ಲೈನ್ ಎಂದು ತೋರಿಸುತ್ತದೆ. ಸಾಕೆಟ್ಟಿಗೆ ಒಂದು ಬಣ್ಣದ ಟೇಪ್ ಅಂಟಿಸಿಡಿ. ಪ್ರಿಂಟರ್ ಪ್ರಾಪರ್ಟೀಸ್‌ನ ಪೋರ್ಟ್ಸ್ ಪುಟದಲ್ಲಿ ಬೈಡೈರೆಕ್ಷನಲ್ ಸಪೋರ್ಟ್ ಎಂಬುದರ ಗುರುತನ್ನೂ ತೆಗೆದುಬಿಡಿ. ಐಇಇಇ 1284 ಮಾನದಂಡಕ್ಕಿಂತ ಹಿಂದಿನ ಪ್ರಿಂಟರುಗಳಿಗೆ ಮರುಮಾತಾಡುವ ಅಭ್ಯಾಸವಿಲ್ಲ, ವಿಂಡೋಸ್ ಉತ್ತರಕ್ಕಾಗಿ ಸುಮ್ಮನೆ ಕಾಯುತ್ತ ಕೂರಬಹುದು.

ಈಗ ಎರಡನೆಯ ಕೊಂಡಿ. ಮೊದಲ ದಿನ ಬಂದ ಅರ್ಥವಿಲ್ಲದ ಚಿಹ್ನೆಗಳು ಭಾಷೆಯ ತಪ್ಪಿನಿಂದ ಬಂದವು. ಒಂಬತ್ತು ಪಿನ್ನಿನ ಹೆಚ್ಚಿನ ಪ್ರಿಂಟರುಗಳು, ತಯಾರಕರು ಯಾರೇ ಆಗಿರಲಿ, ಎಪ್ಸನ್ ಕಂಪನಿಯ ಇಎಸ್‌ಸಿ/ಪಿ ಅಥವಾ ಐಬಿಎಂ ಪ್ರೊಪ್ರಿಂಟರ್ ಎಂಬ ಆದೇಶಗಳ ಭಾಷೆಯನ್ನು ಅರ್ಥಮಾಡಿಕೊಳ್ಳುತ್ತವೆ. ಅವಕ್ಕೆ ಲೇಸರ್ ಪ್ರಿಂಟರಿನ ಪಿಸಿಎಲ್ ಆದೇಶಗಳನ್ನು ಕಳಿಸಿದರೆ ಆದೇಶವನ್ನೇ ಅಕ್ಷರವೆಂದು ತಿಳಿದು ಮುದ್ರಿಸುತ್ತವೆ. ಇದನ್ನು ತಂತಿಯ ದೋಷದಿಂದ ಬೇರ್ಪಡಿಸಿ ನೋಡುವುದು ಕಷ್ಟವಲ್ಲ. ಪುಟದಲ್ಲಿ ಸಿ ಇರಬೇಕಾದಲ್ಲೆಲ್ಲ ಬಿ, ಇ ಇರಬೇಕಾದಲ್ಲೆಲ್ಲ ಡಿ ಎಂದು ತಪ್ಪು ಒಂದೇ ಕ್ರಮದಲ್ಲಿ ಬರುತ್ತಿದ್ದರೆ ಎಂಟು ತಂತಿಗಳಲ್ಲಿ ಒಂದು ನೆಲಕ್ಕೆ ತಾಗಿದೆ ಎಂದರ್ಥ, ಏಕೆಂದರೆ ಆ ಜೋಡಿ ಅಕ್ಷರಗಳ ಸಂಕೇತಗಳ ನಡುವೆ ಕಡೆಯ ಬಿಟ್ಟಿನ ವ್ಯತ್ಯಾಸ ಮಾತ್ರ ಇದೆ. ತಪ್ಪು ಒಮ್ಮೆ ಬಂದು ಒಮ್ಮೆ ಬಾರದಿದ್ದರೆ ಸಡಿಲ ಜೋಡಣೆ, ಉದ್ದದ ಕೇಬಲ್ ಅಥವಾ ಅರ್ಥಿಂಗನ್ನು ಅನುಮಾನಿಸಬೇಕು. ಡಾಸ್ ರಸೀದಿಯ ಚೌಕಟ್ಟಿನ ಗೆರೆಗಳ ಜಾಗದಲ್ಲಿ ಓರೆ ಅಕ್ಷರಗಳು ಬಂದರೆ ಯಾವುದೂ ಕೆಟ್ಟಿಲ್ಲ. ಪ್ರಿಂಟರಿನ ಅಕ್ಷರ ಕೋಷ್ಟಕ ಇಟ್ಯಾಲಿಕ್‌ನಲ್ಲಿದೆ, ಅದನ್ನು ಡಿಪ್ ಸ್ವಿಚ್ಚಿನಲ್ಲೋ ಪ್ಯಾನೆಲ್ಲಿನಲ್ಲೋ ಗೆರೆಯ ಚಿಹ್ನೆಗಳಿರುವ ಪಿಸಿ437 ಕೋಷ್ಟಕಕ್ಕೆ ತಿರುಗಿಸಬೇಕು. ಕಂಪ್ಯೂಟರನ್ನೇ ಬದಿಗಿಟ್ಟು ಪ್ರಿಂಟರನ್ನು ಮಾತ್ರ ಪರೀಕ್ಷಿಸಬೇಕೆನಿಸಿದರೆ, ಲೈನ್ ಫೀಡ್ ಗುಂಡಿ ಒತ್ತಿಹಿಡಿದು ಪವರ್ ಕೊಡಿ. ಇಂಥ ಹೆಚ್ಚಿನ ಯಂತ್ರಗಳು ತಮ್ಮ ಸ್ವಪರೀಕ್ಷೆಯ ಪುಟವನ್ನು ತಾವೇ ಮುದ್ರಿಸುತ್ತವೆ.

ಹಾಳೆ ಮೇಲಕ್ಕೆ ಜಾರುವುದಕ್ಕೆ ಕಾರಣ ನಿಮ್ಮ ಪ್ರಶ್ನೆಯಲ್ಲೇ ಇದೆ. ನಮ್ಮಲ್ಲಿ ಮಾರಾಟವಾಗುವ ಎಂಬತ್ತು ಕಾಲಮ್ಮಿನ ನಿರಂತರ ಕಾಗದ ಸಾಮಾನ್ಯವಾಗಿ ಹತ್ತು ಅಂಗುಲ ಅಗಲ, ಹನ್ನೆರಡು ಅಂಗುಲ ಉದ್ದ. ಡ್ರೈವರ್ ಅಮೆರಿಕದ ಲೆಟರ್ ಅಳತೆಯನ್ನು, ಅಂದರೆ ಹನ್ನೊಂದು ಅಂಗುಲವನ್ನು, ಹಿಡಿದು ಕೂತಿರುತ್ತದೆ. ಪ್ರತಿ ಪುಟ ಮುಗಿದಾಗ ಅದು ಕಾಗದವನ್ನು ಒಂದು ಅಂಗುಲ ಕಡಿಮೆ ತಳ್ಳುವುದರಿಂದ ಮುಂದಿನ ರಸೀದಿ ರಂಧ್ರದ ಗೆರೆಗೆ ಒಂದು ಅಂಗುಲ ಮುಂಚೆಯೇ ಶುರುವಾಗುತ್ತದೆ. ಜಾರುವಿಕೆ ಸುಮಾರು ಎಂಟು ಮಿಲಿಮೀಟರ್ ಆಗಿದ್ದರೆ ಡ್ರೈವರ್ ಎ4 ಎಂದುಕೊಂಡಿದೆ ಎಂದು ತಿಳಿಯಬೇಕು. ವಿಂಡೋಸ್ 11ರ ಪ್ರಿಂಟರ್ಸ್ ಮತ್ತು ಸ್ಕ್ಯಾನರ್ಸ್ ಪುಟದಿಂದ ಪ್ರಿಂಟ್ ಸರ್ವರ್ ಪ್ರಾಪರ್ಟೀಸ್ ತೆರೆದು, 25.4 ಸೆಂಟಿಮೀಟರ್ ಅಗಲ, 30.48 ಸೆಂಟಿಮೀಟರ್ ಉದ್ದದ ಹೊಸ ಫಾರ್ಮ್ ಒಂದನ್ನು ಹೆಸರಿಟ್ಟು ಉಳಿಸಿ. ಆಮೇಲೆ ನಿಮ್ಮ ಪ್ರಿಂಟರಿನ ಪ್ರಿಂಟಿಂಗ್ ಪ್ರಿಫರೆನ್ಸಸ್‌ನಲ್ಲಿ ಮತ್ತು ಡಿವೈಸ್ ಸೆಟ್ಟಿಂಗ್ಸ್‌ನ ಟ್ರ್ಯಾಕ್ಟರ್ ಫೀಡ್ ಎದುರಿನಲ್ಲಿ, ಎರಡೂ ಕಡೆ, ಅದನ್ನೇ ಆರಿಸಿ. ಒಂದೇ ಕಡೆ ಬದಲಿಸಿ ಸಾಲಲಿಲ್ಲ ಎಂದು ಕೈಬಿಡುವವರೇ ಹೆಚ್ಚು. ಪ್ರಿಂಟರಿನ ಒಳಗೂ ಹನ್ನೊಂದು-ಹನ್ನೆರಡು ಅಂಗುಲದ ಆಯ್ಕೆಯಿರುತ್ತದೆ. ಡಾಸ್ ತಂತ್ರಾಂಶ ಪುಟದ ಕೊನೆಯಲ್ಲಿ ಬರಿಯ ಫಾರ್ಮ್ ಫೀಡ್ ಕಳಿಸುವುದಾದರೆ ಪಾಲನೆಯಾಗುವುದು ಆ ಒಳಗಿನ ಆಯ್ಕೆ.

ನಿಧಾನಕ್ಕೆ ಕಾರಣ, ವಿಂಡೋಸ್ ತನ್ನ ಫಾಂಟುಗಳನ್ನು ಚಿತ್ರವಾಗಿ ಕಳಿಸುವುದು. ಹೆಡ್ಡು ಒಂದೇ ಸಾಲಿನ ಮೇಲೆ ಹಲವು ಸಲ ಓಡಾಡಬೇಕಾಗುತ್ತದೆ; ರಿಬ್ಬನ್ನೂ ಬೇಗ ಸವೆಯುತ್ತದೆ. ಪ್ರಿಂಟರಿನ ಸ್ವಂತ ಫಾಂಟುಗಳನ್ನು, ಅಂದರೆ ರೋಮನ್ 10ಸಿಪಿಐ, ಡ್ರಾಫ್ಟ್ 10ಸಿಪಿಐ ಎಂಬ ಮಾದರಿಯ ಹೆಸರಿನವನ್ನು, ಆರಿಸಲು ಸಾಧ್ಯವಿರುವ ತಂತ್ರಾಂಶದಲ್ಲಿ ಹಳೆಯ ವೇಗ ಮರಳಿ ಬರುತ್ತದೆ. ಇಲ್ಲಿ ಕನ್ನಡಿಗರಿಗೆ ಒಂದು ಪ್ರತ್ಯೇಕ ತೊಡಕಿದೆ. ಈ ಯಂತ್ರಗಳ ಸ್ವಂತ ಫಾಂಟುಗಳಲ್ಲಿ ಕನ್ನಡವಿಲ್ಲ. ಪಕ್ಷಕಾರರ ಹೆಸರನ್ನು ಕನ್ನಡದಲ್ಲಿ ಮುದ್ರಿಸಬೇಕೆಂದರೆ ಅದು ಚಿತ್ರವಾಗಿಯೇ ಹೋಗಬೇಕು, ನಿಧಾನವನ್ನು ಸಹಿಸಲೇಬೇಕು. ಜೆನೆರಿಕ್ ಟೆಕ್ಸ್ಟ್ ಓನ್ಲಿ ಡ್ರೈವರಿನಿಂದ ಯುನಿಕೋಡ್ ಕನ್ನಡ ಕಳಿಸಿದರೆ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಬರುತ್ತದೆ. ನುಡಿಯ ಹಳೆಯ, ಯುನಿಕೋಡ್ ಅಲ್ಲದ ಫಾಂಟಿನಲ್ಲಿ ಬೆರಳಚ್ಚಿಸಿದ್ದನ್ನು ಕಳಿಸಿದರೆ ಆ ಫಾಂಟು ಆಸರೆಯಾಗಿ ಹಿಡಿದಿದ್ದ ಇಂಗ್ಲಿಷ್ ಅಕ್ಷರಗಳೇ ಕಾಗದದ ಮೇಲೆ ಬಂದು ಬೀಳುತ್ತವೆ. ಅದನ್ನು ನೋಡಿ ಪ್ರಿಂಟರ್ ಕೆಟ್ಟಿತೆಂದು ಹೊತ್ತು ತಂದವರನ್ನು ಕಂಡಿದ್ದೇನೆ.

ಮೂರನೆಯ ಕೊಂಡಿಯೇ ನಿಮ್ಮ ನಿಜವಾದ ಪ್ರಶ್ನೆ. ಎಕ್ಸ್‌ಪಿಯ 32 ಬಿಟ್ ಆವೃತ್ತಿಯೊಳಗೆ ಡಾಸ್ ತಂತ್ರಾಂಶಗಳನ್ನು ನಡೆಸುವ ಎನ್‌ಟಿವಿಡಿಎಂ ಎಂಬ ಪದರವಿತ್ತು. 64 ಬಿಟ್ ವಿಂಡೋಸಿನಲ್ಲಿ ಅದು ಇಲ್ಲ, ಮತ್ತು ವಿಂಡೋಸ್ 11 ಬರುವುದೇ 64 ಬಿಟ್‌ನಲ್ಲಿ ಮಾತ್ರ. ಆದ್ದರಿಂದ ತಂತ್ರಾಂಶ ತೆರೆಯದಿದ್ದುದು ಸಹಜ. ಹುಡುಗ ಹಾಕಿಕೊಟ್ಟ ಡಾಸ್‌ಬಾಕ್ಸ್ ಮೂಲತಃ ಹಳೆಯ ಆಟಗಳಿಗೆಂದು ಬರೆದದ್ದು; ಅದರ ಮೂಲ ಆವೃತ್ತಿಯಲ್ಲಿ ಪ್ಯಾರಲಲ್ ಪೋರ್ಟಿನ ವ್ಯವಸ್ಥೆಯೇ ಇಲ್ಲ. ನಿಮ್ಮ ತಂತ್ರಾಂಶ ಕಳಿಸಿದ ರಸೀದಿ ಎಲ್ಲಿಗೂ ಹೋಗದೆ ಅಲ್ಲೇ ಕರಗುತ್ತಿದೆ.

ಇದಕ್ಕೆ ಎಸ್.ಪಿ. ರಸ್ತೆಯ ಅಂಗಡಿಗಳಲ್ಲೂ ಪರಿಚಯದವರಲ್ಲೂ ಸಿಗುವ ಮೊದಲ ಸಲಹೆ ನೆಟ್ ಯೂಸ್ ಆಜ್ಞೆ. ಪ್ರಿಂಟರನ್ನು ಶೇರ್ ಮಾಡಿ, ಆ ಶೇರಿನ ಹೆಸರನ್ನು ಎಲ್‌ಪಿಟಿ1ಕ್ಕೆ ಕಟ್ಟುವ ಈ ಉಪಾಯ ಒಳ್ಳೆಯದೇ, 32 ಬಿಟ್ ವಿಂಡೋಸಿನಲ್ಲಿ ಡಾಸ್ ತಂತ್ರಾಂಶಗಳಿಗೂ ವಿಂಡೋಸಿನ ಕಮಾಂಡ್ ಕಿಟಕಿಯಲ್ಲಿ ಓಡುವ ತಂತ್ರಾಂಶಗಳಿಗೂ ಅದು ಕೆಲಸ ಮಾಡುತ್ತದೆ. ಆದರೆ ಡಾಸ್‌ಬಾಕ್ಸಿನ ಒಳಗಿರುವ ತಂತ್ರಾಂಶಕ್ಕೆ ಹೊರಗಿನ ಈ ಕಟ್ಟು ಕಾಣಿಸುವುದೇ ಇಲ್ಲ. ನೀವು ಅದನ್ನು ಈಗಾಗಲೇ ಪ್ರಯತ್ನಿಸಿ ಸೋತಿದ್ದರೆ ಕಾರಣ ಇದು.

ನಾನು ನಿಮಗೆ ಹೇಳುವ ದಾರಿ ಡಾಸ್‌ಬಾಕ್ಸ್-ಎಕ್ಸ್ ಎಂಬ ಬೇರೆ ಶಾಖೆ, ಅಥವಾ ವ್ಯವಹಾರದ ಡಾಸ್ ತಂತ್ರಾಂಶಗಳಿಗೆಂದೇ ಮಾಡಿರುವ ವಿಡಾಸ್. ಡಾಸ್‌ಬಾಕ್ಸ್-ಎಕ್ಸ್ ಉಚಿತ, ಎರಡಕ್ಕೂ ಎಲ್‌ಪಿಟಿ1ರ ಅರಿವಿದೆ. ಡಾಸ್‌ಬಾಕ್ಸ್-ಎಕ್ಸ್‌ನ ಸಂರಚನಾ ಫೈಲಿನಲ್ಲಿ ಪ್ಯಾರಲಲ್1 ಎಂಬ ಸಾಲಿಗೆ ಕೊಡಬಹುದಾದ ಮೌಲ್ಯಗಳಲ್ಲಿ ನಿಮಗೆ ಸಂಬಂಧಿಸಿದವು ಎರಡು. ಪ್ರಿಂಟರ್ ಎಂದು ಕೊಟ್ಟರೆ ಅದು ತಾನೇ ಒಂದು ಎಪ್ಸನ್ ಪ್ರಿಂಟರಿನಂತೆ ನಟಿಸಿ, ರಸೀದಿಯನ್ನು ಚಿತ್ರವಾಗಿ ಬಿಡಿಸಿ ವಿಂಡೋಸಿಗೆ ಕೊಡುತ್ತದೆ. ಲೇಸರ್ ಪ್ರಿಂಟರಿಗೆ ಇದು ವರದಾನ, ನಿಮ್ಮ ಯಂತ್ರಕ್ಕೆ ಮತ್ತೆ ಅದೇ ನಿಧಾನ. ಫೈಲ್ ಎಂದು ಕೊಟ್ಟರೆ ತಂತ್ರಾಂಶ ಕಳಿಸಿದ ಬೈಟುಗಳನ್ನು ಹಾಗೆಯೇ ಒಂದು ಫೈಲಿನಲ್ಲಿ ಹಿಡಿದಿಟ್ಟು, ಸ್ವಲ್ಪ ಹೊತ್ತು ಹೊಸದೇನೂ ಬಾರದಿದ್ದರೆ ಆ ಫೈಲನ್ನು ನೀವು ಹೇಳಿದ ಆಜ್ಞೆಗೆ ಒಪ್ಪಿಸುತ್ತದೆ. ನಿಮಗೆ ಬೇಕಿರುವುದು ಈ ಎರಡನೆಯದು. ಆ ಆಜ್ಞೆ ಒಂದು ಸಾಲಿನ ಬ್ಯಾಚ್ ಫೈಲ್ ಆಗಿರಲಿ: ಕಾಪಿ ಆಜ್ಞೆಯನ್ನು ಬೈನರಿ ಸೂಚನೆಯೊಂದಿಗೆ, ಅಂದರೆ ಸ್ಲ್ಯಾಷ್ ಬಿ ಸೇರಿಸಿ, ಆ ಫೈಲಿನಿಂದ ನಿಮ್ಮ ಶೇರ್ ಮಾಡಿದ ಪ್ರಿಂಟರಿನ ಹೆಸರಿಗೆ ನಕಲು ಮಾಡುವಂತೆ ಬರೆಯಿರಿ. ಹೀಗೆ ಹೋದ ಬೈಟುಗಳನ್ನು ಡ್ರೈವರ್ ಮುಟ್ಟುವುದಿಲ್ಲ. ಫಾಕ್ಸ್‌ಪ್ರೊ ಬರೆದ ಇಎಸ್‌ಸಿ/ಪಿ ಆದೇಶಗಳು ಎಕ್ಸ್‌ಪಿ ಕಾಲದಲ್ಲಿ ತಲುಪುತ್ತಿದ್ದ ಹಾಗೆಯೇ ಯುಎಸ್‌ಬಿ ಕೇಬಲ್ ದಾಟಿ ಪ್ರಿಂಟರನ್ನು ತಲುಪುತ್ತವೆ, ವೇಗವೂ ಅದೇ. ಬೈನರಿ ಸೂಚನೆ ಬಿಟ್ಟರೆ ಫೈಲಿನ ನಡುವೆ ಎಲ್ಲಾದರೂ ಕಂಟ್ರೋಲ್-ಝಡ್ ಸಂಕೇತ ಬಂದಲ್ಲಿಗೆ ನಕಲು ನಿಂತು ರಸೀದಿ ಅರ್ಧಕ್ಕೇ ಮುರಿಯುತ್ತದೆ.

ಇದರ ಅಪಾಯವನ್ನೂ ಹೇಳಬೇಕು. ಮುದ್ರಣ ನಡೆದ ಮಾತ್ರಕ್ಕೆ ದತ್ತಾಂಶ ಸುರಕ್ಷಿತವೆಂದಲ್ಲ. ಎಮ್ಯುಲೇಟರಿನ, ಅಂದರೆ ಡಾಸ್‌ಬಾಕ್ಸ್-ಎಕ್ಸ್ ಅಥವಾ ವಿಡಾಸಿನ, ಕಿಟಕಿಯನ್ನು ತಂತ್ರಾಂಶದಿಂದ ಹೊರಬರದೆ ಮುಚ್ಚಿದರೆ ಫಾಕ್ಸ್‌ಪ್ರೊದ ಇಂಡೆಕ್ಸ್ ಫೈಲುಗಳು ಕೆಡಬಹುದು; ಎರಡು ಕಂಪ್ಯೂಟರುಗಳಿಂದ ಒಂದೇ ಕಡತಗಳನ್ನು ತೆರೆಯುವ ಕಚೇರಿಗಳಲ್ಲಿ ದಾಖಲೆಗೆ ಬೀಗ ಹಾಕುವ ಕ್ರಮ ಸರಿಯಾಗಿ ನಡೆಯದೆ ಒಬ್ಬರ ನಮೂದು ಇನ್ನೊಬ್ಬರ ಮೇಲೆ ಕೂರಬಹುದು. ನಿಮ್ಮದು ಒಂದೇ ಮೇಜಿನ ಬುಕಿಂಗ್ ಆಗಿದ್ದರೆ ಚಿಂತೆ ಕಡಿಮೆ. ಹೇಗಿದ್ದರೂ ಫಾಕ್ಸ್‌ಪ್ರೊ ತನ್ನ ದಾಖಲೆಗಳನ್ನಿಡುವ ಡಿಬಿಎಫ್ ಕಡತಗಳ ಫೋಲ್ಡರನ್ನು ದಿನದ ಕೊನೆಗೆ ಇನ್ನೊಂದೆಡೆ ನಕಲು ಮಾಡಿಡುವ ಏರ್ಪಾಡು ಆಗದ ಹೊರತು ಹೊಸ ವ್ಯವಸ್ಥೆಗೆ ಹೊರಳಬೇಡಿ.

ಹಾರ್ಡ್‌ವೇರ್ ಕಡೆಯ ಪರ್ಯಾಯಗಳು ನಿಮಗೆ ಸದ್ಯ ಬೇಕಿಲ್ಲವಾದರೂ ಅಂಗಡಿಯವರು ಹೇಳುವ ಸಂಭವವಿರುವುದರಿಂದ ತಿಳಿದಿರಲಿ. ಪಿಸಿಐ ಎಕ್ಸ್‌ಪ್ರೆಸ್ ಪ್ಯಾರಲಲ್ ಕಾರ್ಡ್ ಡೆಸ್ಕ್‌ಟಾಪಿಗೆ ನಿಜವಾದ ಎಲ್‌ಪಿಟಿ ಪೋರ್ಟ್ ಕೊಡುತ್ತದೆ. ವಿಂಡೋಸ್ ಅದಕ್ಕೆ ಎಲ್‌ಪಿಟಿ3 ಎಂದು ಹೆಸರಿಟ್ಟರೆ ಡಿವೈಸ್ ಮ್ಯಾನೇಜರಿನಲ್ಲಿ ಎಲ್‌ಪಿಟಿ1 ಎಂದು ಬದಲಿಸಬಹುದು, ಆದರೆ ಅದರ ವಿಳಾಸ ಸಾಮಾನ್ಯವಾಗಿ 378 ಆಗಿರುವುದಿಲ್ಲ. ವಿಳಾಸಕ್ಕೇ ನೇರ ಬರೆಯುವ ತಂತ್ರಾಂಶಕ್ಕೆ ಇದರಿಂದಲೂ ಪ್ರಯೋಜನವಿಲ್ಲ. ನಿಮ್ಮ ಕಂಪ್ಯೂಟರ್ ತೆಳು ಕ್ಯಾಬಿನೆಟ್ಟಿನದಾದರೆ ಗಿಡ್ಡ ಬ್ರಾಕೆಟ್ಟಿನ ಕಾರ್ಡನ್ನೇ ಕೇಳಬೇಕು. ಪ್ಯಾರಲಲ್ ಪ್ರಿಂಟ್ ಸರ್ವರ್ ಎಂಬ ಸಣ್ಣ ಪೆಟ್ಟಿಗೆ ಪ್ರಿಂಟರನ್ನು ನೆಟ್‌ವರ್ಕಿಗೆ ಸೇರಿಸುತ್ತದೆ, ಹಲವು ಕಂಪ್ಯೂಟರುಗಳಿರುವ ಕಚೇರಿಗೆ ನನ್ನ ಮೊದಲ ಆಯ್ಕೆ ಅದೇ. ಈಗ ಬಹುತೇಕ ಸೆಕೆಂಡ್‌ ಹ್ಯಾಂಡ್ ಆಗಿಯೇ ಸಿಗುತ್ತದೆ, ಅಡಾಪ್ಟರ್ ಸಮೇತ ಪರೀಕ್ಷಿಸಿಯೇ ತರಬೇಕು. ಲಿನಕ್ಸ್ ಬಳಸುವವರಿಗೆ ಕಪ್ಸ್ ಎಂಬ ಮುದ್ರಣ ವ್ಯವಸ್ಥೆಯಲ್ಲಿ ಇಂಥ ಪ್ರಿಂಟರುಗಳ ಡ್ರೈವರುಗಳು ಇನ್ನೂ ಇವೆ.

ಹಳೆಯ ಕಂಪ್ಯೂಟರನ್ನೇ ಸೆಕೆಂಡ್‌ ಹ್ಯಾಂಡ್ ಮದರ್‌ಬೋರ್ಡ್ ಹಾಕಿಸಿ ಎಕ್ಸ್‌ಪಿಯಲ್ಲೇ ನಡೆಸುವುದೂ ಒಂದು ದಾರಿ, ಅನೇಕರು ಆರಿಸುವುದೂ ಅದನ್ನೇ. ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಬೆಂಬಲ 2014ರ ಏಪ್ರಿಲ್ 8ಕ್ಕೇ ಮುಗಿದಿದೆ. ಎನ್‌ಟಿವಿಡಿಎಂ ಉಳಿಸಿಕೊಂಡಿದ್ದ ಕಡೆಯ ವಿಂಡೋಸ್ ಆದ 32 ಬಿಟ್ ವಿಂಡೋಸ್ 10ರ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಅಂಥ ಯಂತ್ರವನ್ನು ಇಂಟರ್ನೆಟ್ಟಿಗೆ ಸೇರಿಸಬಾರದು. ಲಾರಿ ಕಚೇರಿಗೆ ಇ-ವೇ ಬಿಲ್ಲಿಗಾಗಿ ಇಂಟರ್ನೆಟ್ ಬೇಕೇ ಬೇಕು. ಆದ್ದರಿಂದ ಎರಡು ಕಂಪ್ಯೂಟರ್, ಎರಡು ಕಡೆ ಅದೇ ವಿವರದ ನಮೂದು, ಎರಡರ ನಡುವೆ ಪೆನ್ ಡ್ರೈವ್ ಓಡಾಟ ಎಂದಾಗುತ್ತದೆ. ಹಳೆಯ ಹಾರ್ಡ್ ಡಿಸ್ಕ್ ಯಾವ ದಿನ ಕೈಕೊಡುತ್ತದೆಂದು ಹೇಳಲು ಬಾರದು. ಆರು ತಿಂಗಳ ತಾತ್ಕಾಲಿಕ ಏರ್ಪಾಡಾಗಿ ಒಪ್ಪುತ್ತೇನೆ, ಅದಕ್ಕಿಂತ ಹೆಚ್ಚಿಗೆ ಒಪ್ಪಲಾರೆ.

ಹೊಸ ಪ್ರಿಂಟರಿನ ವಿಷಯ: ಕಾರ್ಬನ್ ಪ್ರತಿ ಬೇಕಾದವರಿಗೆ ಕಾಗದವನ್ನು ಗುದ್ದಿ ಮುದ್ರಿಸುವ ಯಂತ್ರವೇ ಬೇಕು, ಲೇಸರ್ ಅಥವಾ ಇಂಕ್‌ಜೆಟ್ ಅದಕ್ಕೆ ಬದಲಿಯಾಗದು. ಅಂಥವು ಇಂದಿಗೂ ಹೊಸದಾಗಿ ಸಿಗುತ್ತವೆ. ಎಪ್ಸನ್ ಎಲ್‌ಎಕ್ಸ್-310ರಂಥ ಮಾದರಿಯಲ್ಲಿ ಯುಎಸ್‌ಬಿ, ಪ್ಯಾರಲಲ್ ಎರಡೂ ಇವೆ. ನಿಮ್ಮ ಯಂತ್ರದ ಹೆಡ್ಡಿನ ಪಿನ್ನುಗಳು ಸವೆದು ಅಕ್ಷರಗಳ ನಡುವೆ ಬಿಳಿ ಗೆರೆ ಬರತೊಡಗಿದ ದಿನ ಅದನ್ನು ಕೊಳ್ಳಿ. ಆಗಲೂ ಮೇಲೆ ಹೇಳಿದ ಫೈಲ್ ಮತ್ತು ಕಾಪಿಯ ದಾರಿ ಹಾಗೆಯೇ ಬೇಕಾಗುತ್ತದೆ. ಅದಕ್ಕಿಂತ ಮೊದಲು ಖರ್ಚು ಮಾಡಲು ಹಣವಿದ್ದರೆ ಬುಕಿಂಗ್ ತಂತ್ರಾಂಶವನ್ನು ವಿಂಡೋಸಿಗೆ ಹೊಸದಾಗಿ ಬರೆಸಲು ಇಡಿ. ಡಿಬಿಎಫ್ ಕಡತಗಳನ್ನು ಓದುವುದು ಇಂದಿನ ಪ್ರೋಗ್ರಾಮರುಗಳಿಗೆ ಕಷ್ಟದ ಕೆಲಸವಲ್ಲ, ಹಳೆಯ ಪಕ್ಷಕಾರರ ಖಾತೆಗಳನ್ನು ಕಳೆದುಕೊಳ್ಳಬೇಕಾಗಿಲ್ಲ.

ನಿಮ್ಮ ಹಳೆಯ ಮದರ್‌ಬೋರ್ಡ್ ಏಕೆ ಕೆಟ್ಟಿತು ಎಂಬುದನ್ನೂ ಯೋಚಿಸಿ. ಕಲಾಸಿಪಾಳ್ಯ, ಚಿಕ್ಕಪೇಟೆಗಳ ಹಳೆಯ ಕಟ್ಟಡಗಳಲ್ಲಿ ಮೂರು ಪಿನ್ನಿನ ಸಾಕೆಟ್ ಇದ್ದರೂ ಮೂರನೆಯ ತಂತಿ ಎಲ್ಲಿಗೂ ಹೋಗಿರದ ಉದಾಹರಣೆಗಳು ಬೇಕಾದಷ್ಟಿವೆ. ಅರ್ಥಿಂಗ್ ಇಲ್ಲದ ಕಂಪ್ಯೂಟರಿನ ಲೋಹದ ಪೆಟ್ಟಿಗೆ, ಅದರ ಪವರ್ ಸಪ್ಲೈಯಲ್ಲಿರುವ ಫಿಲ್ಟರ್ ಕೆಪಾಸಿಟರುಗಳ ದೆಸೆಯಿಂದ, ಮೇನ್ಸ್ ವೋಲ್ಟೇಜಿನ ಅರ್ಧದಷ್ಟು ಮಟ್ಟದಲ್ಲಿ ತೇಲುತ್ತಿರುತ್ತದೆ. ಮುಟ್ಟಿದಾಗ ಜುಮ್ಮೆನ್ನುವುದು ಅದೇ. ಕರೆಂಟ್ ಅತ್ಯಲ್ಪವಾದರೂ ಐದು ವೋಲ್ಟಿನ ಪೋರ್ಟಿನ ಚಿಪ್ಪಿಗೆ ಅಷ್ಟು ಸಾಕು, ಪ್ಲಗ್ ಸಿಕ್ಕಿಸುವ ಕ್ಷಣದಲ್ಲಿ ಅದು ಸಂಕೇತದ ಪಿನ್ನುಗಳ ಮೂಲಕವೇ ಹರಿಯುತ್ತದೆ. ಪ್ಯಾರಲಲ್ ಜೋಡಣೆ ಚಾಲೂ ಸ್ಥಿತಿಯಲ್ಲಿ ಸಿಕ್ಕಿಸಲೆಂದು ಮಾಡಿದ್ದಲ್ಲ. ಎಲೆಕ್ಟ್ರಿಷಿಯನ್ ಕರೆಸಿ ಅರ್ಥ್ ಮತ್ತು ನ್ಯೂಟ್ರಲ್ ನಡುವಿನ ವೋಲ್ಟೇಜ್ ಅಳೆಸಿ, ಕೆಲವೇ ವೋಲ್ಟಿಗಿಂತ ಹೆಚ್ಚಿದ್ದರೆ ಸರಿಪಡಿಸಿ. ಕಂಪ್ಯೂಟರ್ ಮತ್ತು ಪ್ರಿಂಟರನ್ನು ಒಂದೇ ಯುಪಿಎಸ್ ಅಥವಾ ಒಂದೇ ಬೋರ್ಡಿನಿಂದ ನಡೆಸಿ. ಕೇಬಲ್ ಮುಟ್ಟುವ ಮುನ್ನ ಎರಡನ್ನೂ ಆರಿಸಿ. ಇಪ್ಪತ್ತೈದು ಪಿನ್ನಿನ ಎಲ್ಲ ಪ್ಲಗ್ಗೂ ಪ್ಯಾರಲಲ್ ಅಲ್ಲವೆಂಬುದೂ ನೆನಪಿರಲಿ. ಹಳೆಯ ಸೀರಿಯಲ್ ಪೋರ್ಟಿಗೂ ಅದೇ ಆಕಾರವಿತ್ತು, ಅದರ ವೋಲ್ಟೇಜ್ ಧನ ಋಣ ಎರಡೂ ಕಡೆಗೆ ಹನ್ನೆರಡರವರೆಗೆ ಹೋಗುವುದರಿಂದ ತಪ್ಪಿ ಸೇರಿಸಿದರೆ ಪ್ರಿಂಟರಿನ ಸರ್ಕ್ಯೂಟ್ ಸುಡಬಹುದು.

ಮನೆಯ ಲೇಸರ್‌ಜೆಟ್ 1100 ಪಿಸಿಎಲ್ 5ಇ ಭಾಷೆಯನ್ನು ತಾನೇ ಅರ್ಥಮಾಡಿಕೊಳ್ಳುವ ಯಂತ್ರವಾದ್ದರಿಂದ ಉಳಿಸಿಕೊಳ್ಳಬಹುದಾದದ್ದು. ಪುಟವನ್ನು ಪೂರ್ತಿ ಕಂಪ್ಯೂಟರಿನಲ್ಲೇ ಸಿದ್ಧಪಡಿಸಿ ಕಳಿಸಬೇಕಾದ, ಅದೇ ಕಾಲದ ಅಗ್ಗದ ಲೇಸರುಗಳಿಗೆ 64 ಬಿಟ್ ಡ್ರೈವರ್ ಬಾರದಿದ್ದರೆ ಬೇರೆ ದಾರಿಯೇ ಇರಲಿಲ್ಲ. ಇದಕ್ಕೆ ಪಿಸಿಎಲ್ 5 ಕಳಿಸುವ ಯಾವ ಹೊಂದಿಕೆಯ ಡ್ರೈವರಾದರೂ ಸಾಕು. ಅದರ ಜೋಡಣೆಗೆ ಹೊಂದುವ ಪ್ರತ್ಯೇಕ ಯುಎಸ್‌ಬಿ-ಪ್ಯಾರಲಲ್ ಕೇಬಲ್ ಕೊಳ್ಳಿ, ರಸೀದಿ ಪ್ರಿಂಟರಿನ ಕೇಬಲ್ಲನ್ನು ಅತ್ತಿತ್ತ ಒಯ್ಯಬೇಡಿ. ಬಹುಕಾಲ ಮೂಲೆಯಲ್ಲಿ ಕುಳಿತದ್ದರಿಂದ ಕಾಗದ ಎಳೆಯುವ ರಬ್ಬರ್ ಗಟ್ಟಿಯಾಗಿ ಒಮ್ಮೆಗೇ ನಾಲ್ಕಾರು ಹಾಳೆ ಎಳೆಯಬಹುದು. ಕೇಬಲ್ ತರುವ ಮುನ್ನವೇ ರೋಲರ್ ಮತ್ತು ಹಾಳೆ ಬೇರ್ಪಡಿಸುವ ಪ್ಯಾಡ್ ಬದಲಿಸಲು ಏನು ತಗಲುತ್ತದೆಂದು ವಿಚಾರಿಸಿ, ಅದು ಟೋನರ್ ಸೇರಿ ಸೆಕೆಂಡ್‌ ಹ್ಯಾಂಡ್ ಯುಎಸ್‌ಬಿ ಲೇಸರಿನ ಬೆಲೆಗೆ ಸಮೀಪ ಬಂದರೆ ಆ ಒಂದನ್ನು ಮಾತ್ರ ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಟ್ಟುಬಿಡಿ.